ಮೂರು ಮಾಳಿಗೆ, ಒಂದು ಬಿಸಿಲು

ಬೀದರಿನ ಕೋಟೆಗೋಡೆಯ ಮೇಲೆ ನಿಂತು ಊರಿನ ಕಡೆ ಮುಖ ಮಾಡಿದರೆ ಮೊದಲು ಕಣ್ಣಿಗೆ ಬೀಳುವುದು ಮಹಮೂದ್ ಗವಾನನ ಮದರಸಾದ ಮಿನಾರು, ಚೌಬಾರದ ಗುಂಡುಗೋಪುರ, ಅಲ್ಲಲ್ಲಿ ಗುಮ್ಮಟಗಳು. ಇವೆಲ್ಲ ಹಳೆಯ ನೋಟ. ಈಚೆಗೆ ಈ ನೋಟಕ್ಕೆ ಹೊಸದೊಂದು ಸೇರಿಕೊಂಡಿದೆ. ನೀರಿನ ಟಾಕಿಗಳ ಪಕ್ಕದಲ್ಲಿ, ದಕ್ಷಿಣಕ್ಕೆ ಮುಖಮಾಡಿ ತುಸು ವಾಲಿಕೊಂಡು ಮಲಗಿದ ಕಪ್ಪು ಫಲಕಗಳು. ಹತ್ತಿರ ಹೋಗಿ ನೋಡಿದರೆ ಕಪ್ಪು ನೆಲದ ಮೇಲೆ ಕೂದಲೆಳೆಯಂಥ ಬೆಳ್ಳಿಗೆರೆಗಳು ಕಾಣುತ್ತವೆ. ಬಿದರಿ ಕಲೆಯ ಊರಿನವರಿಗೆ ಇದು ಹೊಸದೆನಿಸಲಾರದು. ತಮಾಷೆಯೆಂದರೆ ಸೌರಕೋಶದ ಮೇಲಿನ ಆ ಸಣ್ಣ ಗೆರೆಗಳನ್ನು ಎಳೆಯುವುದೂ ಬೆಳ್ಳಿಯಿಂದಲೇ. ಬಿದರಿಯ ಹೂಜಿಯಲ್ಲಿ ಬೆಳ್ಳಿ ಅಂದಕ್ಕೆ. ಇಲ್ಲಿ ಅದು ಬಿಸಿಲಿನಿಂದ ಹುಟ್ಟಿದ ವಿದ್ಯುತ್ತನ್ನು ಹೊರಗೆ ತರುವ ದಾರಿ.

ನಾನು ಕೋಟೆ ನೋಡಲೆಂದು ಬೀದರಿಗೆ ಹೋದವನಲ್ಲ. ಭಾಲ್ಕಿಗೆ ಕೊಟ್ಟ ನನ್ನ ಅಕ್ಕನ ಮಗಳು ಧಾರವಾಡಕ್ಕೆ ಫೋನು ಮಾಡಿದ್ದಳು. “ಮಾಮಾ, ಎಳ್ಳಮಾವಾಸ್ಯೆಗೆ ಬರ್ರಿ. ಭಜ್ಜಿ ತಿನ್ಲಿಕ್ಕೂ ಆಗ್ತದ, ಒಂದು ಲೆಕ್ಕ ಮಾಡೋದೂ ಅದ” ಎಂದಳು. ಲೆಕ್ಕ ಏನೆಂದರೆ, ಭಾವನವರು ಸೋಯಾ ಮತ್ತು ತೊಗರಿ ಮಾರಿ ಎರಡು ಮೂರು ವರ್ಷದಿಂದ ಕೂಡಿಟ್ಟ ಎರಡು ಲಕ್ಷ ರೂಪಾಯಿ. ಮಗಳು ಪಿಯುಸಿ ಎರಡನೆಯ ವರ್ಷದಲ್ಲಿದ್ದಾಳೆ. ಮುಂದೆ ಕಾಲೇಜು, ಹಾಸ್ಟೆಲ್ಲು ಎಂದು ಇಟ್ಟ ಹಣ ಅದು. ಅಷ್ಟರಲ್ಲಿ ಸೋಲಾರ್ ಹಾಕಿಕೊಡುವವನೊಬ್ಬ ಮನೆಗೆ ಬಂದು, “ಒಮ್ಮೆ ರೊಕ್ಕ ಹಾಕ್ರಿ, ಇಪ್ಪತ್ತೈದು ವರ್ಷ ಬಿಲ್ಲೇ ಇಲ್ಲ” ಎಂದು ಹೇಳಿ ಹೋಗಿದ್ದ. ಭಾವನವರ ಮನಸ್ಸು ಆ ಕಡೆ ವಾಲಿತ್ತು. ಅಕ್ಕನಿಗೆ ಅದು ಸರಿಬಂದಿರಲಿಲ್ಲ. ಇಬ್ಬರ ನಡುವೆ ಮಗಳು ಒಂದು ನೋಟುಪುಸ್ತಕ ಹಿಡಿದು ಕೂತಿದ್ದಳು.

ಮೊದಲ ಮಾಳಿಗೆ: ಬೀದರ

ಭಾಲ್ಕಿಗೆ ಹೋಗುವ ಮುಂಚೆ ಬೀದರಿನಲ್ಲಿ ಇಳಿದೆ. ನಿವೃತ್ತ ಉಪನ್ಯಾಸಕರಾದ ನನ್ನ ಗೆಳೆಯರು 2024ರಲ್ಲಿ ಮೂರು ಕಿಲೋವ್ಯಾಟಿನ ಫಲಕಗಳನ್ನು ಹಾಕಿಸಿದ್ದರು. ಅನುಭವಿಗಳ ಮಾತು ಕೇಳದೆ ಸಲಹೆ ಕೊಡುವುದು ಸರಿಯಲ್ಲವಲ್ಲ.

ಬೆಳಿಗ್ಗೆ ಏಳಕ್ಕೆ ಮಾಳಿಗೆ ಹತ್ತಿದೆವು. ಸಮುದ್ರಮಟ್ಟಕ್ಕಿಂತ ಎರಡು ಸಾವಿರ ಅಡಿಗೂ ಮೇಲಿರುವ ಬೀದರಿನಲ್ಲಿ ಡಿಸೆಂಬರಿನ ಚಳಿ ಮೂಗಿನ ತುದಿ ಕಚ್ಚುತ್ತದೆ. ಗೆಳೆಯರು ಮಫ್ಲರ್ ಸುತ್ತಿಕೊಂಡು ವಿವರಿಸಿದರು. ಒಂದು ಕಿಲೋವ್ಯಾಟ್ ಫಲಕಕ್ಕೆ ನೆರಳಿಲ್ಲದ ನೂರು ಚದರ ಅಡಿ ಜಾಗ ಬೇಕು. ಒಳ್ಳೆಯ ಬಿಸಿಲಿದ್ದರೆ ಅದು ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ಮಳೆಗಾಲದಲ್ಲಿ ಕಡಿಮೆ, ಬೇಸಿಗೆಯಲ್ಲಿ ಹೆಚ್ಚು. ವರ್ಷದ ಸರಾಸರಿ ಹಿಡಿದರೆ ತಿಂಗಳಿಗೆ ನೂರಿಪ್ಪತ್ತು ಯೂನಿಟ್ ಎಂದು ಲೆಕ್ಕ ಹಾಕಬಹುದು. ಮೂರು ಕಿಲೋವ್ಯಾಟಿಗೆ ಮುನ್ನೂರ ಅರವತ್ತು.

“ಹಂಗಾದ್ರ ಕಡುಬೇಸಿಗೆಯಲ್ಲಿ ಭರ್ಜರಿ ಬೆಳೆ ಅನ್ರಿ” ಎಂದೆ.

ಅವರು ನಕ್ಕರು. “ಬಿಸಿಲು ಬೇರೆ, ಬಿಸಿ ಬೇರೆ. ಫಲಕಕ್ಕೆ ಬೇಕಾದದ್ದು ಬೆಳಕು. ಕಾವು ಅದಕ್ಕ ಆಗಿಬರೋದಿಲ್ಲ.”

ಇದು ವಿದ್ಯಾರ್ಥಿಗಳು ನೆನಪಿಡಬೇಕಾದ ಮಾತು. ಫಲಕದ ಬೆನ್ನಿಗೆ ಬರೆದ ವ್ಯಾಟ್ ಸಂಖ್ಯೆ ಪ್ರಯೋಗಶಾಲೆಯಲ್ಲಿ ಕೋಶದ ಉಷ್ಣತೆ 25 ಡಿಗ್ರಿ ಇದ್ದಾಗ ಅಳೆದದ್ದು. ಅದಕ್ಕಿಂತ ಮೇಲೇರಿದ ಪ್ರತಿ ಡಿಗ್ರಿಗೂ ಶೇಕಡಾ ಮೂರನೇ ಒಂದರಷ್ಟು ಶಕ್ತಿ ಕುಸಿಯುತ್ತದೆ. ಮೇ ತಿಂಗಳ ನಡುಮಧ್ಯಾಹ್ನ ಮಾಳಿಗೆಯ ಮೇಲೆ ಫಲಕ 65 ಡಿಗ್ರಿ ಮುಟ್ಟಿದರೆ ನಲವತ್ತು ಡಿಗ್ರಿ ಹೆಚ್ಚಾಯಿತು. ಅಂದರೆ ಶೇಕಡಾ 13ರಷ್ಟು ನಷ್ಟ. ಅದಕ್ಕೆಂದೇ ಫಲಕಗಳನ್ನು ನೆಲಕ್ಕೆ ಅಂಟಿಸದೆ ಕೆಳಗೆ ಗಾಳಿಯಾಡುವಂತೆ ಎತ್ತರಿಸಿ ನಿಲ್ಲಿಸುತ್ತಾರೆ.

ಇನ್ನು ರೊಕ್ಕದ ಮಾತು. ಗೆಳೆಯರ ಮನೆಯಲ್ಲಿ ಏಸಿ ಇದೆ, ಎರಡು ಫ್ರಿಜ್ ಇವೆ, ಗೀಸರ್ ಇದೆ, ಬೋರಿನ ಮೋಟಾರು ಇದೆ. ತಿಂಗಳಿಗೆ ಮುನ್ನೂರ ಮೂವತ್ತು ಯೂನಿಟ್ ಓಡುತ್ತಿತ್ತು. ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆ 2023ರ ಜುಲೈಯಲ್ಲಿ ಜಾರಿಗೆ ಬಂದಾಗ ಇನ್ನೂರು ಯೂನಿಟ್ ದಾಟಿದ ಮನೆಗೆ ಅದರಲ್ಲಿ ಪಾಲಿರಲಿಲ್ಲ. ಪೂರ್ತಿ ಬಿಲ್ಲು ಕಟ್ಟಬೇಕು. ತೆರಿಗೆ ಗಿರಿಗೆ ಸೇರಿ ಯೂನಿಟ್ಟಿಗೆ ಆರೂವರೆ ರೂಪಾಯಿ ಎಂದಿಟ್ಟುಕೊಂಡರೆ ತಿಂಗಳಿಗೆ ಎರಡು ಸಾವಿರದ ನೂರಕ್ಕೂ ಹೆಚ್ಚು, ವರ್ಷಕ್ಕೆ ಇಪ್ಪತ್ತೈದು ಸಾವಿರಕ್ಕೂ ಮೇಲೆ.

ಫಲಕಗಳಿಗೆ ಅವರಿಗೆ ತಗುಲಿದ್ದು ಒಂದು ಲಕ್ಷ ತೊಂಬತ್ತು ಸಾವಿರ. ಕೇಂದ್ರ ಸರ್ಕಾರ 2024ರ ಫೆಬ್ರುವರಿಯಲ್ಲಿ ಆರಂಭಿಸಿದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಅಥವಾ ಅದಕ್ಕಿಂತ ಹೆಚ್ಚಿನದಕ್ಕೆ 78,000 ರೂಪಾಯಿ ಸಹಾಯಧನ. ಆಗ ಬೀದರಿನ ಸಂಸದರಾಗಿದ್ದ ಭಗವಂತ ಖೂಬಾ ಅವರೇ ಕೇಂದ್ರದಲ್ಲಿ ನವೀಕರಿಸಬಹುದಾದ ಇಂಧನ ಖಾತೆಯ ರಾಜ್ಯ ಸಚಿವರಾಗಿದ್ದುದರಿಂದ ಈ ಭಾಗದಲ್ಲಿ ಅದರ ಸುದ್ದಿ ಚೆನ್ನಾಗಿಯೇ ಹಬ್ಬಿತ್ತು. ಹಣ ಮೊದಲು ನಾವೇ ಹಾಕಬೇಕು. ಜೆಸ್ಕಾಂನವರು ಬಂದು ಪರೀಕ್ಷಿಸಿ, ಎರಡೂ ಕಡೆಯ ಹರಿವನ್ನು ಅಳೆಯುವ ಮೀಟರು ಕೂರಿಸಿದ ಮೇಲೆ ಸಹಾಯಧನ ಬ್ಯಾಂಕಿನ ಖಾತೆಗೆ ಬರುತ್ತದೆ. ಅದು ಕಳೆದರೆ ಗೆಳೆಯರ ಕೈಯಿಂದ ಹೋದದ್ದು ಒಂದು ಲಕ್ಷ ಹನ್ನೆರಡು ಸಾವಿರ. ನಾಲ್ಕೂವರೆ ವರ್ಷಕ್ಕೆ ಹಾಕಿದ ಹಣ ಮರಳಿತು. ಫಲಕಕ್ಕೆ ಇಪ್ಪತ್ತೈದು ವರ್ಷದ ಭರವಸೆ ಕೊಡುತ್ತಾರೆ. ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಇನ್ವರ್ಟರ್ ಬದಲಿಸುವ ಖರ್ಚು ಹಿಡಿದರೂ ಇದು ಲಾಭದ ಬಾಬತ್ತೇ.

“ಹಾಗಾದರೆ ಬಿಲ್ಲು ಸೊನ್ನೆಯೇ?” ಎಂದೆ. “ಸೊನ್ನೆ ಎಲ್ಲಿಂದ ಬರಬೇಕು? ನಿಗದಿತ ಶುಲ್ಕ ಕಟ್ಟಲೇಬೇಕಲ್ಲ” ಎಂದರು. ಮನೆ ಜೆಸ್ಕಾಂ ತಂತಿಗೆ ಜೋಡಿಸಿಕೊಂಡಿರುವವರೆಗೆ ಆ ಶುಲ್ಕ ತಪ್ಪದು.

ಚಹ ಕುಡಿಯಲು ಕೆಳಗಿಳಿದಾಗ ಕರೆಂಟು ಹೋಯಿತು. ಹೊರಗೆ ಹತ್ತು ಗಂಟೆಯ ಬಿಸಿಲು ಸುರಿಯುತ್ತಿದೆ, ಮೇಲೆ ಮೂರು ಕಿಲೋವ್ಯಾಟ್ ಫಲಕಗಳಿವೆ, ಕೆಳಗೆ ಫ್ಯಾನು ನಿಂತಿದೆ! ನನ್ನ ಮುಖ ನೋಡಿ ಗೆಳೆಯರೇ ಹೇಳಿದರು: “ಹಾಕಿಸಿದ ಮೊದಲ ವಾರ ನಾನೂ ಹಿಂಗೇ ಬೆಪ್ಪಾಗಿದ್ದೆ.” ತಂತಿಗೆ ಜೋಡಿಸಿದ ಸೌರವ್ಯವಸ್ಥೆ, ಊರಿನ ಕರೆಂಟು ಹೋದೊಡನೆ ತಾನೂ ನಿಂತುಬಿಡಬೇಕು, ಅದು ನಿಯಮ. ಇಲ್ಲವಾದರೆ ಮಾಳಿಗೆಯ ವಿದ್ಯುತ್ತು ತಂತಿಗೆ ಹರಿದು, ಕಂಬದ ಮೇಲೆ ರಿಪೇರಿಗೆ ಹತ್ತಿದ ಲೈನ್‌ಮನ್ನಿನ ಜೀವಕ್ಕೆ ಕುತ್ತು. ಕರೆಂಟು ಹೋದಾಗಲೂ ದೀಪ ಬೇಕೆಂದರೆ ಬ್ಯಾಟರಿ ಸಹಿತದ ಬೇರೆ ವ್ಯವಸ್ಥೆ ಬೇಕು. ಅದರ ಬೆಲೆಯೂ ಬೇರೆ.

ಹೊರಡುವಾಗ ಮದರಸಾದ ಮುಂದೆ ಹಾದುಹೋದೆ. 1472ರಲ್ಲಿ ಕಟ್ಟಿದ ಆ ವಿದ್ಯಾಲಯದ ಒಂದು ಭಾಗ ಹದಿನೇಳನೇ ಶತಮಾನದ ಕೊನೆಯಲ್ಲಿ ಸಿಡಿಮದ್ದು ಸ್ಫೋಟಿಸಿ ಹಾಳಾಯಿತು. ಮದ್ದಿಗೆ ಸಿಡಿಲು ತಗುಲಿತ್ತೆಂದು ಹೇಳುತ್ತಾರೆ. ಮಾಳಿಗೆಯ ಮೇಲೆ ಲೋಹದ ಚೌಕಟ್ಟು ನಿಲ್ಲಿಸುವವರು ಆ ಮಿನಾರನ್ನು ಒಮ್ಮೆ ನೋಡಿ ಬಂದರೆ ಅರ್ಥಿಂಗ್ ಮತ್ತು ಸಿಡಿಲುರಕ್ಷಕದ ಖರ್ಚಿನಲ್ಲಿ ಚೌಕಾಸಿ ಮಾಡಲಾರರು.

ಎರಡನೆಯ ಮಾಳಿಗೆ: ಭಾಲ್ಕಿ

ಬೀದರಿನಿಂದ ಭಾಲ್ಕಿಗೆ ರೈಲಿದೆ, ಬಸ್ಸೂ ಇದೆ. ಕೆಂಪು ಮುರುಮಿನ ದಿಬ್ಬಗಳು ಹಿಂದಾಗಿ ಕಪ್ಪು ನೆಲ, ತೊಗರಿ, ಬಿಳಿಜೋಳ, ಕಡಲೆ ಎದುರಾಗುತ್ತವೆ. ಭಾಲ್ಕಿಗೆ ಫಲಕದ ಕಥೆ ಹೊಸದಲ್ಲ. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಕಲಿಸುವುದು ಕಷ್ಟವಾಗಿದ್ದಾಗ ಇಲ್ಲಿನ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿಸಿ ಒಳಗೆ ಕನ್ನಡ ಪಾಠ ಹೇಳಿಸಿದರು. ಹೊರಗಿನ ಫಲಕ ನೋಡಿ ತೀರ್ಮಾನಿಸಬೇಡಿ, ಒಳಗೆ ಏನು ನಡೆದಿದೆ ನೋಡಿ ಎಂಬ ಪಾಠ ಈ ಊರಿಗೆ ಆಗಲೇ ಬಂದಿತ್ತು.

ಅಕ್ಕನ ಮನೆಯಲ್ಲಿ ಒಳಗಿನ ಪಾಠವನ್ನು ಮಗಳು ಮಾಡಿಟ್ಟಿದ್ದಳು. ನೋಟುಪುಸ್ತಕದಲ್ಲಿ ಹನ್ನೆರಡು ತಿಂಗಳ ಬಿಲ್ಲು ಅಂಟಿಸಿದ್ದಳು. ಪ್ರತಿ ಬಿಲ್ಲಿನ ಮುಂದೆ ಯೂನಿಟ್ಟು. ಅದರ ಕೆಳಗೆ ಮನೆಯ ಸಾಮಾನಿನ ಪಟ್ಟಿ: ಹಳೆಯ ಫ್ಯಾನು ಒಂದಕ್ಕೆ 75 ವ್ಯಾಟ್, ದಿನಕ್ಕೆ ಹನ್ನೆರಡು ಗಂಟೆ ಓಡಿದರೆ ತಿಂಗಳಿಗೆ 27 ಯೂನಿಟ್. ಅದೇ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನಾದರೆ 30 ವ್ಯಾಟ್, ತಿಂಗಳಿಗೆ ಹನ್ನೊಂದು ಯೂನಿಟ್ಟಿಗೂ ಕಡಿಮೆ. ಮೋಟಾರು ಒಂದು ಅಶ್ವಶಕ್ತಿಯದು, ದಿನಕ್ಕೊಂದು ಗಂಟೆ: 22 ಯೂನಿಟ್. ಎಲ್ಲ ಕೂಡಿಸಿ ನೋಡಿದರೆ ಬಿಲ್ಲಿನ ಹತ್ತಿರಕ್ಕೇ ಬರುತ್ತಿತ್ತು.

“ನೋಡ್ರಿ ಮಾಮಾ” ಎಂದು ಆರಂಭಿಸಿದಳು. “2022-23ರಾಗ ನಮ್ಮ ಸರಾಸರಿ 110 ಯೂನಿಟ್. ಗೃಹಜ್ಯೋತಿಯೊಳಗ ಅದರ ಮೇಲೆ ಶೇಕಡಾ ಹತ್ತು. ಅಂದ್ರ 121 ಯೂನಿಟ್ ತನಕ ಪುಕಟ್. ಬೇಸಗಿಯೊಳಗ ಕೂಲರ್ ಹಾಕಿದಾಗ ಅಷ್ಟೇ ದಾಟ್ತದ, ಹೆಚ್ಚಾದದ್ದಕ್ಕಷ್ಟೇ ಕಟ್ಟಬೇಕು. ಹೋದ ವರ್ಷ ನಾವು ಕಟ್ಟಿದ್ದು ಎರಡೇ ತಿಂಗಳು.”

“ಹಂಗಾದ್ರ ಸೋಲಾರ್ ಹಾಕಿದ್ರ ಉಳಿಯೋದೆಷ್ಟು?” ಎಂದೆ.

“ಅದೇ ನಾನೂ ಅಪ್ಪಗ ಕೇಳ್ಲಿಕತ್ತೀನಿ. ಕೊಡಲಾರದ ರೊಕ್ಕ ಉಳಸೋದು ಹ್ಯಾಂಗ?”

ಭಾವನವರು ಸುಮ್ಮನೆ ಬಿಡುವವರಲ್ಲ. “ಇವತ್ತು ಸರ್ಕಾರ ಕೊಡ್ತದ, ನಾಳೆ ಕೊಡ್ತದಂತ ಯಾರು ಬರೆದುಕೊಟ್ಟಾರ? ನಮ್ಮ ಮಾಳಿಗಿ ಮ್ಯಾಗ ನಮ್ಮದೇ ಕರೆಂಟ್ ಇದ್ರ ಯಾರ ಹಂಗೂ ಇಲ್ಲ. ಹೆಚ್ಚಾದದ್ದು ಮಾರಿದ್ರಾತು” ಎಂದರು. ಒಕ್ಕಲುತನ ಮಾಡಿದವರ ಮಾತು. ಮಳೆಯನ್ನೂ ದರವನ್ನೂ ಸರ್ಕಾರವನ್ನೂ ಒಂದೇ ಅಳತೆಯಲ್ಲಿ ನಂಬಿದವರು. ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ.

ಆದ್ದರಿಂದ ಅವರ ಪ್ರಶ್ನೆಯನ್ನೂ ಲೆಕ್ಕಕ್ಕೆ ತಂದೆವು. ಪುಕಟ್ ಕರೆಂಟು ನಾಳೆಯೇ ನಿಂತುಹೋಯಿತೆಂದು ತಿಳಿಯೋಣ. ತಿಂಗಳಿಗೆ ನೂರಿಪ್ಪತ್ತು ಯೂನಿಟ್, ಆರೂವರೆ ರೂಪಾಯಿಯಂತೆ 780, ವರ್ಷಕ್ಕೆ 9,360. ಇಷ್ಟಕ್ಕೆ ಮೂರು ಕಿಲೋವ್ಯಾಟ್ ಬೇಕಿಲ್ಲ, ಒಂದು ಸಾಕು. ಒಂದಕ್ಕೆ ಎಪ್ಪತ್ತು ಸಾವಿರ ಹೇಳಿದ್ದಾರೆ. ಸಹಾಯಧನ ಕಳೆದು ನಲವತ್ತು ಸಾವಿರ. ನಾಲ್ಕೂಕಾಲು ವರ್ಷದಲ್ಲಿ ಅದೂ ಮರಳುತ್ತದೆ. ಅಂದರೆ ಭಾವನವರು ಹೆದರುವ ದಿನ ಬಂದರೂ ಬೇಕಾಗುವುದು ನಲವತ್ತು ಸಾವಿರ, ಎರಡು ಲಕ್ಷವಲ್ಲ. ಮಾರುವ ಮಾತಿಗೆ ಬಂದರೆ, ಹೆಚ್ಚುವರಿ ವಿದ್ಯುತ್ತಿಗೆ ನಮಗೆ ಸಿಗುವ ದರ ನಾವು ಕೊಡುವ ದರಕ್ಕಿಂತ ಬಹಳ ಕಡಿಮೆ. ಕರೆಂಟು ಮಾರಿ ಬದುಕಲು ಫಲಕ ಹಾಕುವುದು ಮೊಸರಿಗಿಂತ ಮಜ್ಜಿಗೆ ಮಾರಲು ಎಮ್ಮೆ ಕಟ್ಟಿದಂತೆ. ಎರಡು ಲಕ್ಷ ಬ್ಯಾಂಕಿನಲ್ಲೇ ಶೇಕಡಾ ಏಳರಂತೆ ಬಿದ್ದಿದ್ದರೆ ವರ್ಷಕ್ಕೆ ಹದಿನಾಲ್ಕು ಸಾವಿರ ಬರುತ್ತದೆ, ಬೇಕಾದಾಗ ಮಗಳ ಫೀಸಿಗೆ ತೆಗೆಯಲೂ ಬರುತ್ತದೆ. ಮಾಳಿಗೆಯ ಫಲಕವನ್ನು ಬಿಚ್ಚಿ ಕಾಲೇಜಿಗೆ ಫೀಸು ಕಟ್ಟಲಾಗದು.

ಕಾಯುವುದರಲ್ಲಿ ಒಂದು ಗಂಡಾಂತರವೂ ಇದೆ, ಅದನ್ನು ಮುಚ್ಚಿಡಬಾರದು. ಸೂರ್ಯಘರ್ ಯೋಜನೆಯ ಅವಧಿಯನ್ನು 2026-27ರವರೆಗೆ ಎಂದು ಗೊತ್ತುಮಾಡಿದ್ದಾರೆ. ಆಮೇಲೆ ಸಹಾಯಧನ ಇಲ್ಲವಾದರೆ ಒಂದು ಕಿಲೋವ್ಯಾಟಿಗೆ ಮೂವತ್ತು ಸಾವಿರ ಕಳೆದುಕೊಂಡಂತೆ. ಇದನ್ನು ಮಗಳು “ಕಾಯುವ ಬೆಲೆ” ಎಂದು ನೋಟುಪುಸ್ತಕದಲ್ಲಿ ಬೇರೆ ಕಾಲಮ್ಮು ಹಾಕಿ ಬರೆದಳು.

ಮಧ್ಯಾಹ್ನ ಮೂರಕ್ಕೆ ಎಲ್ಲರೂ ಮಾಳಿಗೆ ಹತ್ತಿದೆವು. ಎಳ್ಳಮಾವಾಸ್ಯೆಯ ದಿನಗಳು ನೆರಳು ನೋಡಲು ವರ್ಷದಲ್ಲೇ ಒಳ್ಳೆಯ ಕಾಲ. ಸೂರ್ಯ ದಕ್ಷಿಣಕ್ಕೆ ಸರಿದು ಕೆಳಗಿಳಿದಿರುತ್ತಾನೆ. ಹದಿನೆಂಟು ಡಿಗ್ರಿ ಅಕ್ಷಾಂಶದ ಈ ಊರುಗಳಲ್ಲಿ ಈಗ ನಡುಮಧ್ಯಾಹ್ನವೂ ಆತ ನಲವತ್ತೆಂಟು ನಲವತ್ತೊಂಬತ್ತು ಡಿಗ್ರಿಗಿಂತ ಮೇಲೇರುವುದಿಲ್ಲ. ಈಗ ಬೀಳದ ನೆರಳು ಮಿಕ್ಕ ತಿಂಗಳುಗಳಲ್ಲಿ ತೊಂದರೆ ಕೊಡುವುದು ವಿರಳ. ಅಕ್ಕನ ಮಾಳಿಗೆಯ ನೈಋತ್ಯಕ್ಕೆ ಪಕ್ಕದವರು ಹೊಸದಾಗಿ ಎರಡನೇ ಮಜಲು ಏರಿಸಿದ್ದರು. ಅದರ ನೆರಳು ಮಾಳಿಗೆಯ ಅರ್ಧ ನುಂಗಿತ್ತು. ಸರಣಿಯಲ್ಲಿ ಜೋಡಿಸಿದ ಫಲಕಗಳಲ್ಲಿ ಒಂದರ ಮೇಲೆ ನೆರಳು ಬಿದ್ದರೂ ಸಾಲಿನ ಮಿಕ್ಕವೂ ಮಂಕಾಗುತ್ತವೆ. ಕಾಲುವೆಗೆ ಒಂದು ಕಡೆ ಮಣ್ಣು ಬಿದ್ದರೆ ಕೆಳಗಿನ ಹೊಲಕ್ಕೆಲ್ಲ ನೀರು ಸೊರಗುವಂತೆ. ಮನೆಗೆ ಬಂದು ಭರವಸೆ ಕೊಟ್ಟು ಹೋದವನು ಮಾಳಿಗೆ ಹತ್ತಿ ನೋಡಿರಲೇ ಇಲ್ಲ.

ಭಾವನವರು ಆ ನೆರಳನ್ನೇ ಬಹಳ ಹೊತ್ತು ನೋಡಿದರು. ಲೆಕ್ಕಕ್ಕಿಂತ ಅದು ಅವರಿಗೆ ಹೆಚ್ಚು ಹೇಳಿದಂತಿತ್ತು.

ಮೂರನೆಯ ಮಾಳಿಗೆ: ಔರಾದ

ಮರುದಿನ ಅಮಾವಾಸ್ಯೆ. ಭಾವನವರ ತಂದೆ ತಾಯಿ ಇರುವುದು ಔರಾದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಮಾಂಜ್ರಾ ನದಿ ದಾಟಿ ಉತ್ತರಕ್ಕೆ ಹೋದರೆ ಕರ್ನಾಟಕದ ನೆತ್ತಿ. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಅಮರೇಶ್ವರನ ಗುಡಿಯ ಔರಾದಿನಲ್ಲಿ ಬಸ್ಸಿಳಿದು ಅಲ್ಲಿಂದ ಟಂಟಂ ಹಿಡಿದೆವು. ಹೊಲದಲ್ಲಿ ಪಾಂಡವರ ಪೂಜೆ, ಚರಗ ಚೆಲ್ಲುವುದು, ಸಜ್ಜೆರೊಟ್ಟಿ, ಭಜ್ಜಿ, ಅಂಬಲಿ. ಅವರೆ, ತೊಗರಿ, ಬಟಾಣಿ, ಮೆಂತ್ಯ, ಕಡಲೆಸೊಪ್ಪು ಎಲ್ಲ ಬೆರೆತ ಆ ಭಜ್ಜಿಯ ರುಚಿ ಬರೆದು ತಿಳಿಸುವಂಥದ್ದಲ್ಲ.

ಸಂಜೆ ಮನೆಗೆ ಮರಳಿದಾಗ ಕತ್ತಲು. ಊರಿಗೆ ಊರೇ ಕತ್ತಲು. “ಲೈಟ್ ಹೋಗ್ಯಾದ, ಇನ್ನು ಯಾವಾಗ ಬರ್ತದೋ” ಎಂದರು ಮುತ್ಯಾ. ಭಾವನವರ ತಮ್ಮನ ಇಬ್ಬರು ಮಕ್ಕಳು, ಏಳನೆಯ ಮತ್ತು ಒಂಬತ್ತನೆಯ ತರಗತಿಯವರು, ಒಂದು ಮೊಬೈಲಿನ ಬೆಳಕಿನಲ್ಲಿ ಬರೆಯುತ್ತಿದ್ದರು. ಬೆಳಕು ಹಿಡಿದವನಿಗೆ ಬರೆಯಲಾಗದು, ಬರೆಯುವವನಿಗೆ ಬೆಳಕು ಸಾಲದು. ಇದಕ್ಕೇ ಜಗಳ. ಈ ಮನೆಯ ಬಿಲ್ಲೂ ಸೊನ್ನೆಯೇ. ಬಿಲ್ಲು ಸೊನ್ನೆ, ಬೆಳಕೂ ಸೊನ್ನೆ.

ಊರ ಮುಂದಿನ ಕಂಬದ ಮೇಲೆ ಸೌರದೀಪವೊಂದಿತ್ತು. ಫಲಕ ಇದೆ, ದೀಪ ಇದೆ, ಬೆಳಕಿಲ್ಲ. “ಬ್ಯಾಟರಿ ಸತ್ತು ಮೂರು ವರ್ಷಾತು. ಹಾಕಿದವ್ರು ಫೋಟೋ ತೆಗಿಸಿಕೊಂಡು ಹೋದ್ರು, ಮತ್ತ ಯಾರೂ ಬರಲಿಲ್ಲ” ಎಂದರು ಮುತ್ಯಾ. ಸೌರಶಕ್ತಿಯ ಮೇಲೆ ಹಳ್ಳಿಗರಿಗೆ ನಂಬಿಕೆ ಹೋಗಿದ್ದರೆ ಅದರ ಕಾರಣ ಸೂರ್ಯನಲ್ಲ. ಫಲಕ ಇಪ್ಪತ್ತೈದು ವರ್ಷ ಬಾಳುತ್ತದೆ. ಮಾಮೂಲಿ ಬ್ಯಾಟರಿ ನಾಲ್ಕೈದು ವರ್ಷಕ್ಕೆ ಸಾಯುತ್ತದೆ. ಅದನ್ನು ಬದಲಿಸುವವರು ಯಾರು ಎಂಬುದು ಮೊದಲೇ ಗೊತ್ತಾಗಿರಬೇಕು.

ಬ್ಯಾಟರಿಯಿಲ್ಲದೆ ತಂತಿಗೆ ಜೋಡಿಸುವ ಬೀದರಿನ ಬಗೆ ಇಲ್ಲಿಗೆ ಆಗದು. ಮಣ್ಣಿನ ಮಾಳಿಗೆ ಅಷ್ಟು ಭಾರ ತಾಳದು. ಮೇಲಾಗಿ ಕರೆಂಟು ಹೋದಾಗ ಅದೂ ನಿಲ್ಲುತ್ತದೆ. ಆದರೆ ಈ ಮನೆಗೆ ಬೇಕಾದದ್ದಾದರೂ ಎಷ್ಟು? ಲಾಟೀನಿನ ಬೆಳಕಿನಲ್ಲಿ ಅಕ್ಕನ ಮಗಳು ಮತ್ತೆ ನೋಟುಪುಸ್ತಕ ತೆರೆದಳು. ಒಂಬತ್ತು ವ್ಯಾಟಿನ ಎರಡು ದೀಪ, ಐದು ಗಂಟೆ: 90 ವ್ಯಾಟ್-ಗಂಟೆ. ಬ್ಯಾಟರಿಯಿಂದಲೇ ಓಡುವ 25 ವ್ಯಾಟಿನ ಫ್ಯಾನು, ಆರು ಗಂಟೆ: 150. ಫೋನಿಗೆ 20. ಒಟ್ಟು 260. ನೂರು ವ್ಯಾಟಿನ ಒಂದು ಫಲಕ ದಿನಕ್ಕೆ ನಾನೂರು ಕೊಡುತ್ತದೆ. ಹನ್ನೆರಡು ವೋಲ್ಟ್, ಅರವತ್ತು ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 720 ಹಿಡಿಯುತ್ತದೆ. ಅದರಲ್ಲಿ ಅರ್ಧ ಮಾತ್ರ ಬಳಸಿದರೆ ಬ್ಯಾಟರಿಗೆ ಆಯುಸ್ಸು, ಅರ್ಧವೆಂದರೆ 360. ಸಾಕಾಯಿತು. ಮರುದಿನ ಔರಾದಿನ ಅಂಗಡಿಯಲ್ಲಿ ಕೇಳಿದಾಗ ಎಲ್ಲ ಸೇರಿ ಹದಿನೈದು ಸಾವಿರದ ಆಸುಪಾಸು ಹೇಳಿದರು. ಬ್ಯಾಟರಿಗಾಗಿ ತಿಂಗಳಿಗೆ ನೂರೈವತ್ತು ತೆಗೆದಿಟ್ಟರೆ ನಾಲ್ಕು ವರ್ಷಕ್ಕೆ ಹೊಸದು ಬರುತ್ತದೆ.

ಈ ಹದಿನೈದು ಸಾವಿರ ಎಷ್ಟು ವರ್ಷಕ್ಕೆ ಮರಳುತ್ತದೆ? ಎಂದಿಗೂ ಇಲ್ಲ. ಬಿಲ್ಲೇ ಇಲ್ಲದ ಮನೆಯಲ್ಲಿ ಉಳಿಸುವುದೇನು ಬಂತು. ಬೀದರಿನಲ್ಲಿ ಕೇಳಿದ ಪ್ರಶ್ನೆಯನ್ನೇ ಇಲ್ಲೂ ಕೇಳಿದರೆ ಉತ್ತರ ತಪ್ಪಾಗುತ್ತದೆ. ಅಲ್ಲಿ ಕೇಳಬೇಕಾದದ್ದು “ಎಷ್ಟು ಉಳಿಯಿತು?” ಇಲ್ಲಿ ಕೇಳಬೇಕಾದದ್ದು “ಕತ್ತಲಲ್ಲಿ ಕಳೆದ ಸಂಜೆಗಳೆಷ್ಟು?”

ಭಾವನವರು ಅಂದೇ ಹೂಂ ಎಂದರು. ಎರಡು ಲಕ್ಷದಲ್ಲಿ ಹದಿನೈದು ಸಾವಿರ ಮುತ್ಯಾನ ಮನೆಗೆ. ಉಳಿದದ್ದು ಬ್ಯಾಂಕಿನಲ್ಲಿ, ಮಗಳ ಹೆಸರಿಗೆ. ಭಾಲ್ಕಿಯ ಮನೆಗೆ ಸದ್ಯ ಎರಡು ಹೊಸ ಫ್ಯಾನು, ಅಷ್ಟೇ. ಅಕ್ಕ ಏನೂ ಹೇಳಲಿಲ್ಲ. ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ನಿಮ್ಮ ಮನೆಯಲ್ಲೂ ಈ ಮಾತು ಬಂದಿದ್ದರೆ, ಲೆಕ್ಕವನ್ನು ಮಕ್ಕಳ ಕೈಗೆ ಕೊಟ್ಟು ನೋಡಿ. ಹನ್ನೆರಡು ತಿಂಗಳ ಬಿಲ್ಲು ತೆಗೆಸಿ. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗೆ ಮಾಳಿಗೆಯ ನೆರಳನ್ನು ಸೀಮೆಸುಣ್ಣದಿಂದ ಗುರುತು ಮಾಡಿಸಿ. ಇನ್ನೂರು ಯೂನಿಟ್ ದಾಟುವ ಮನೆಯೋ, ಅದರೊಳಗಿನದೋ ನೋಡಿ. ನಿಮ್ಮ ಕಷ್ಟ ಬಿಲ್ಲಿನದೋ, ಕರೆಂಟು ಹೋಗುವುದರದೋ ಎಂಬುದನ್ನು ಮೊದಲು ಬೇರ್ಪಡಿಸಿ. ಫಲಕ ತೊಳೆಯುವವರು ಯಾರು, ಕೆಟ್ಟರೆ ಬರುವವರು ಯಾರು ಎಂದು ಕೇಳಿ. ಬಿಸಿಲು ಮೂರೂ ಊರಿಗೆ ಒಂದೇ. ಮನೆ ಮಾತ್ರ ಒಂದೊಂದೂ ಬೇರೆ.

ಮೊನ್ನೆ ಫೋನು ಬಂದಿತ್ತು. ಹಳ್ಳಿಯಲ್ಲಿ ದೀಪ ಹತ್ತಿದೆ. ಫ್ಯಾನನ್ನು ಮಾತ್ರ ಮುತ್ಯಾ ತಮ್ಮ ಹಾಸಿಗೆಯ ಕಡೆಗೇ ತಿರುಗಿಸಿಕೊಳ್ಳುತ್ತಾರಂತೆ. “ಅಪ್ಪಾ ಇನ್ನೂ ದಿನಾ ಮಾಳಿಗಿ ಹತ್ತಿ ನೆರಳು ನೋಡ್ತಾರ ಮಾಮಾ” ಎಂದಳು. ಪರೀಕ್ಷೆ ಹತ್ತಿರ ಬಂದಿದೆ, ಆದರೂ ಮೀಟರು ಬರೆಯುವುದನ್ನು ಬಿಟ್ಟಿಲ್ಲವಂತೆ. “ಕಾಯುವ ಬೆಲೆ” ಎಂಬ ಕಾಲಮ್ಮು ಇನ್ನೂ ತೆರೆದೇ ಇದೆ.